ಮೇಟಿ ಸುತ್ತಿದ ಗಿಟಾರು

ಇವತ್ತು ನಾವು ಶಾಸ್ತ್ರೀಯ ಎಂದು ಕೈಮುಗಿಯುವ ಒಂದೊಂದು ಚೀಜೂ, ಅಂದರೆ ಹಾಡಿನ ರಚನೆಯೂ, ಒಂದು ಕಾಲಕ್ಕೆ ಹೊಸದಾಗಿತ್ತು. ಅದು ಆಕಾಶದಿಂದ ಉದುರಿದ್ದಲ್ಲ. ಹೆಸರಿದ್ದ, ಹೊಟ್ಟೆಯಿದ್ದ, ಹಿಂದಿನಿಂದ ಆಡಿಕೊಳ್ಳುವ ನೆರೆಹೊರೆಯಿದ್ದ ಯಾರೋ ಒಬ್ಬ ಮನುಷ್ಯ ಕೂತು ಅದನ್ನು ಕಟ್ಟಿದ. ಇದೇನು ಗುಟ್ಟಿನ ಮಾತಲ್ಲ, ಎಲ್ಲರಿಗೂ ಗೊತ್ತಿರಬೇಕಾದದ್ದು. ಆದರೂ ಅಂಥವನೊಬ್ಬ ನಮ್ಮದೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಜೀನ್ಸ್ ಪ್ಯಾಂಟು ಹಾಕಿಕೊಂಡು, ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತಿದ್ದಾನೆ ಎಂದರೆ ನಾವು ನಗುತ್ತೇವೆ.

ಸಿಂದಗಿಯಲ್ಲಿ ಯುನೂಸ ನದಾಫ ಯಾರಿಗೆ ಗೊತ್ತಿಲ್ಲ? ದಿನಾಲೂ ಸ್ಪೀಕರು, ಆಂಪ್ಲಿಫೈಯರು ರಿಪೇರಿ. ಸೀಜನ್ನಿನಲ್ಲಿ ‘ಕೆಂಡ’ ಎಂಬ ರಾಕ್ ಬ್ಯಾಂಡು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಕಾಲೇಜಿನ ಗ್ಯಾದರಿಂಗ್ ಇರಲಿ, ಕೊನೆಗೆ ಕೆಂಡದವರು ವೇದಿಕೆ ಹತ್ತಲೇಬೇಕು. ಯುನೂಸ ಗಿಟಾರಿಗೆ ಮೊದಲ ಏಟು ಕೊಟ್ಟನೆಂದರೆ ಶಾಮಿಯಾನದ ಗಳುಗಳು ನಡುಗುತ್ತಿದ್ದವು. ಗೆಳೆಯ ಪರಶು ಅಂಗಿ ಬಿಚ್ಚಿ ಒಗೆದು ಡ್ರಮ್ಮು ಬಾರಿಸುತ್ತಿದ್ದ. ಹೊಲಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಂಟಿನ ಮೇಲೆ ಇಬ್ಬರೂ ಕೂಡಿ ಕಟ್ಟಿದ ‘ತ್ರೀಫೇಸು’ ಹಾಡು ಶುರುವಾದರೆ ಹುಡುಗರು ಕುರ್ಚಿ ತಲೆಯ ಮೇಲೆ ಎತ್ತಿಕೊಂಡು ಕುಣಿಯುತ್ತಿದ್ದರು. ಪ್ರಿನ್ಸಿಪಾಲರು ಕಿವಿಯಲ್ಲಿ ಹತ್ತಿ ತುರುಕಿಕೊಂಡು ಮೊದಲ ಸಾಲಿನಲ್ಲಿ ನಗುತ್ತ ಕೂರುತ್ತಿದ್ದರು. ಬೇರೆಯವರಿಗಾದರೆ ಇಷ್ಟು ಸಾಕಿತ್ತು.

ಯುನೂಸನಿಗೆ ಸಾಕಾಗದೆ ಹೋದದ್ದು ಬಸವನ ಬಾಗೇವಾಡಿಯಲ್ಲಿ, ಅದೂ ಒಂದು ತಪ್ಪಿನಿಂದ.

ಅಲ್ಲಿಯ ಸಂಗೀತ ಬಳಗವೊಂದು ವರ್ಷಕ್ಕೊಮ್ಮೆ ಸಂಗೀತ ಸಂಜೆ ಇಡುತ್ತದೆ. ಆ ವರ್ಷ ಸೌಂಡಿನ ಕೆಲಸ ಯುನೂಸನಿಗೆ ಬಂತು. ಹೊರಗಿನಿಂದ ಬಂದ ಹಿರಿಯ ಖ್ಯಾಲ ಗಾಯಕಿಯೊಬ್ಬರು ತಂಬೂರಿ ಕೂಡಿಸಿ, “ಇದು ನಮ್ಮ ಗುರುಗಳು ಕೊಟ್ಟ ಚೀಜು” ಎಂದು ಅವರ ಹೆಸರು ಹೇಳಿ, ಕಿವಿ ಮುಟ್ಟಿಕೊಂಡರು. ಗುರುವಿನ ಹೆಸರು ಬಾಯಿಗೆ ಬಂದಾಗ ಸಂಗೀತದವರು ಕಿವಿ ಮುಟ್ಟಿಕೊಳ್ಳುವುದು ಮರ್ಯಾದೆ. ರಾಕ್ ಸ್ಟೇಜಿನಲ್ಲಿ ಕಿವಿ ಮುಟ್ಟಿದರೆ ಅರ್ಥ ಬೇರೆ: ಕೇಳಿಸುತ್ತಿಲ್ಲ, ಏರಿಸು. ಯುನೂಸ ಏರಿಸಿದ. ಗಾಯಕಿ ಗುರುವಿನ ಗುರುವಿನ ಹೆಸರು ಹೇಳಿ ಮತ್ತೆ ಮುಟ್ಟಿಕೊಂಡರು. ಯುನೂಸ ಮತ್ತಷ್ಟು ಏರಿಸಿದ. ಸ್ಪೀಕರು ‘ಕುಂಯ್’ ಎಂದು ಚೀರಿತು. ಮುಂದಿನ ಸಾಲಿನ ಮುದುಕರು ಕುರ್ಚಿಯಿಂದ ಜಿಗಿದರು.

ಬಳಗದ ಅಧ್ಯಕ್ಷರಾದ ಗುರಪ್ಪ ಮಾಸ್ತರು ಧೋತರ ಎತ್ತಿಕೊಂಡು ಓಡಿ ಬಂದರು. “ಏ ತಮ್ಮಾ, ಏನ್ ಮಾಡಾಕತ್ತೀಯೋ? ಬಾಯಾರು ಗುರುವಿಗೆ ಶರಣ ಮಾಡಾಕತ್ತಾರ, ನೀ ಮಂದಿ ಕಿವಿ ಹರ್ಯಾಕತ್ತಿ!”

ನಾಚಿಕೆಯಿಂದ ಯುನೂಸ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತ. ಸ್ಪೀಕರು ಮತ್ತೆ ಸೀಟಿ ಹೊಡೆದೀತೆಂದು ಎದ್ದು ಹೋಗುವಂತೆಯೂ ಇಲ್ಲ. ಹೀಗಾಗಿ ಅವನು ಕೇಳಬೇಕಾಯಿತು. ಗಾಯಕಿ ಒಂದು ಸ್ವರದ ಮೇಲೆ ನಿಂತರು. ನಿಂತೇ ನಿಂತರು. ಆಮೇಲೆ ಅಲ್ಲಿಂದ ಕೂದಲೆಳೆಯಷ್ಟು ಕೆಳಗೆ ಜಾರಿದರು. ಯುನೂಸನ ಮೈಮೇಲೆ ಮುಳ್ಳು ಎದ್ದವು. ರಾಗ ಜೋಗ್. ಅದರಲ್ಲಿ ಎರಡೂ ಗಂಧಾರ ಇವೆ, ಒಂದು ಎತ್ತರದ್ದು, ಒಂದು ತಗ್ಗಿನದು. ಹೆಸರು ಅವನಿಗೆ ಆಮೇಲೆ ಗೊತ್ತಾಯಿತು, ಆದರೆ ಆ ಎರಡರ ನಡುವಿನ ಜಾರು ಬೆರಳಿಗೆ ಮೊದಲೇ ಗೊತ್ತಿತ್ತು. ಗಿಟಾರಿನ ತಂತಿಯನ್ನು ಬೆರಳಿನಿಂದ ಎಳೆದು ಎಳೆದು ಇಷ್ಟು ವರ್ಷ ಅವನು ಹುಡುಕುತ್ತಿದ್ದ ಜಾಗವೇ ಅದು! ಅವನ ಕೈ ಗುಂಡಿಯ ಕಡೆ ಹೋಯಿತು. ಎಲ್ಲವನ್ನೂ ಏರಿಸುವುದೇ ಕಸುಬಾಗಿದ್ದ ಕೈ ಮೊದಲ ಸಲ ತಾನಾಗಿ ಇಳಿಸಿತು.

ಸ್ಪೀಕರು ತುಂಬಿದ ಟಂಟಂ ಗಾಡಿಯಲ್ಲಿ ಪರಶುವಿನ ಜೊತೆ ಊರಿಗೆ ಮರಳುವಾಗ ಅವನ ಬಾಯಿ ನಿಲ್ಲಲಿಲ್ಲ. “ಪರಶ್ಯಾ, ನಾ ಒಂದ ಖ್ಯಾಲ ಕಟ್ತೇನಲೇ.”

“ಹಾಡ್ತಿ ಏನ?”

“ಹಾಡೂದಲ್ಲ. ಕಟ್ಟೂದು. ಇನ್ನೊಬ್ರು ಹಾಡಬೇಕು, ನಾ ಸತ್ತ ಮ್ಯಾಲೂ ಹಾಡಬೇಕು.”

“ಹಂಗಾರ ಗಿಟಾರ ಮಾರ್ತಿ?”

“ಯಾಕ ಮಾರ್ಲಿ? ಅದನ್ನೂ ಒಳಗ ಕುಂಡ್ರಸ್ತೇನಿ.”

ಪರಶು ದೇವರ ಹಿಪ್ಪರಗಿ ಬರುವತನಕ ನಕ್ಕ.

ಮುದ್ದೇಬಿಹಾಳದಲ್ಲಿ ಭುವನೇಶ್ವರಿ ಎಂಬ ಸಂಗೀತ ಶಿಕ್ಷಕಿ ಇದ್ದಾರೆ. ಐವತ್ತು ದಾಟಿದ ವಯಸ್ಸು, ತುಂಬಿದ ಕಂಠ, ಮುಲಾಜಿಲ್ಲದ ನಾಲಿಗೆ. ಯುನೂಸ ಅವರ ಬಾಗಿಲಲ್ಲಿ ನಿಂತು, “ಅಕ್ಕಾರ, ನನಗ ಹಾಡಾಕ ಬರೂದಿಲ್ರಿ. ಆದ್ರ ಖ್ಯಾಲ ಕಟ್ಟಾಕ ಕಲಿಬೇಕಾಗೇತಿ” ಎಂದ.

“ಅಡಗಿ ಬರೂದಿಲ್ಲ, ಆದ್ರ ಮದವಿ ಊಟ ಮಾಡಸ್ತೇನಿ ಅಂದಂಗಾತು. ಗಿಟಾರ ಹೊರಗಿಟ್ಟು ಒಳಗ ಬಾ.”

ಮೂರು ವರ್ಷ ಭಾನುವಾರ ಭಾನುವಾರ ತಾಳಿಕೋಟೆ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಯುನೂಸ ಮುದ್ದೇಬಿಹಾಳಕ್ಕೆ ಹೋದ. ಮುಂದಿನ ಸೀಟಿನ ಸರಳಿನ ಮೇಲೆ ಅವನು ತಾಳ ಹಾಕುವುದನ್ನು ಕೇಳಿ, ಯಾರೋ ಇಳಿಯುವವರಿದ್ದಾರೆಂದು ಡ್ರೈವರ್ ನಡುದಾರಿಯಲ್ಲಿ ಬಸ್ ನಿಲ್ಲಿಸಿದ್ದೂ ಉಂಟು. ದನಿ ಒರಟಾಗಿದ್ದರೂ ಅವನು ಸ್ವರ ತಪ್ಪುತ್ತಿರಲಿಲ್ಲ. ಎರಡನೆಯ ವರ್ಷ ಭುವನೇಶ್ವರಿ ಅಕ್ಕ ತಾವೇ ಹೇಳಿದರು: “ಇನ್ನ ಗಿಟಾರ ಒಳಗ ತೊಗೊಂಡ ಬಾ.”

ಚೀಜಿನ ಮಾತು ಸಿಕ್ಕಿದ್ದು ಮನೆಯಲ್ಲಿ. ತಾಯಿ ಅಬಿದಾ ತೊಗರಿ ಹಸನು ಮಾಡುವಾಗ ಹಂತಿ ಪದದ ಧಾಟಿ ಗುನುಗುತ್ತಿದ್ದಳು. ಕಣದ ನಡುವೆ ಒಂದು ಕಂಬ ಹುಗಿಯುತ್ತಾರೆ, ಅದು ಮೇಟಿ. ಎತ್ತುಗಳನ್ನು ಒಂದರ ಪಕ್ಕ ಒಂದು ಕಟ್ಟಿ, ಹಗ್ಗದ ಒಂದು ತುದಿ ಮೇಟಿಗೆ ಹಾಕಿ, ಜೋಳದ ತೆನೆಯ ಮೇಲೆ ಸುತ್ತು ತಿರುಗಿಸುತ್ತಾರೆ. ಅದೇ ಹಂತಿ. ಎತ್ತಿನ ಹಿಂದೆ ನಡೆಯುತ್ತ ಹಾಡುವುದು ಹಂತಿ ಪದ. ಮಷೀನು ಬಂದ ಮೇಲೆ ಮೇಟಿ ಹೋಯಿತು, ಧಾಟಿ ಅಬಿದಾಳ ಗಂಟಲಲ್ಲಿ ಉಳಿದಿತ್ತು. ಯುನೂಸ ಅದರ ನಡಿಗೆ ಹಿಡಿದು ತನ್ನದೇ ಎರಡು ಸಾಲು ಬರೆದ:

ಸುತ್ತಿ ಸುತ್ತಿ ಬಂದೆ ಮೇಟಿಯೇ,
ನೀನಿದ್ದಲ್ಲೇ ನನ್ನ ದಾರಿ.

ಅದನ್ನು ಜೋಗ್ ರಾಗದಲ್ಲಿ ಕೂಡಿಸಿದ. ಭುವನೇಶ್ವರಿ ಅಕ್ಕ ಒಮ್ಮೆ ಹಾಡಿ ನೋಡಿದರು, ಎದ್ದು ಚಹಾ ಮಾಡಿ ತಂದರು. ಪಾಠದ ಮನೆಯಲ್ಲಿ ಯುನೂಸನಿಗೆ ಸಿಕ್ಕ ಮೊದಲ ಚಹಾ ಅದು.

ಆದರೆ ಪೂರ್ತಿ ರಚನೆ ಕೂಡಿ ಬರಲೊಲ್ಲದು. ಯುನೂಸನ ಲೆಕ್ಕ ಹೀಗಿತ್ತು: ನಡುವೆ ಗಿಟಾರು, ಡ್ರಮ್ಮು ಬಿರುಸಾಗಿ ಓಡಬೇಕು, ಸುತ್ತಲೂ ದನಿ ನಿಧಾನವಾಗಿ ತೇಲಬೇಕು. ಎಲ್ಲರೂ ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಒಟ್ಟಿಗೆ ಬಂದು ಕೂಡಬೇಕು. ಯಾರೂ ಕೂಡಲಿಲ್ಲ. ಗಿಟಾರಿನ ಅಬ್ಬರವನ್ನು ಹಿಡಿಯಲು ಹೋಗಿ ಅಕ್ಕನ ಆಲಾಪ ಏದುಸಿರು ಬಿಟ್ಟಿತು.

ಪರಶು ಕೋಲು ಕೆಳಗಿಟ್ಟ. “ಯುನ್ಯಾ, ಅಕ್ಕಾರು ಒಂದ ಸುತ್ತ ಬರೂದ್ರಾಗ ನಾ ಇಂಡಿಗೆ ಹೋಗಿ, ಲಿಂಬಿಹಣ್ಣ ತೊಗೊಂಡ, ಹೊಳ್ಳಿ ಬರ್ತೇನಲೇ.”

“ಪರಶು ಖರೇ ಹೇಳ್ತಾನ,” ಎಂದರು ಅಕ್ಕ. “ನನ್ನ ನಿಂದ್ರಾಕ ಬಿಡವೊಲ್ಲಿ ನೀ. ಜೋಗ್ ಹಿಡಿದ ಓಡಸಾಕತ್ತಿ.”

ಮನೆಯಲ್ಲಿ ಅಬಿದಾ ಇನ್ನೂ ಚುಚ್ಚಿದಳು. “ಹಂತಿ ಕಣ್ಣಿಲೆ ನೋಡಿಲ್ಲ, ಹಂತಿ ಕಟ್ಟಾಕ ಹೊಂಟಾನ ನೋಡ ನನ್ನ ಮಗ!”

ಹೌದಲ್ಲ, ನೋಡೇ ಇಲ್ಲ! ಮರುದಿನವೇ ಯುನೂಸ ಬೈಕು ಹತ್ತಿ ದೇವಣಗಾಂವಕ್ಕೆ ಹೋದ. ಅಲ್ಲಿ ರೇವಣಪ್ಪ ಎಂಬ ಪರಿಚಯದ ರೈತ ಕಬ್ಬಿನ ಗಾಡಿಗೆಂದು ಎತ್ತು ಇಟ್ಟಿದ್ದ. ಒಂದು ಹಂತಿ ಹೂಡಿ ತೋರಿಸಬೇಕೆಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಶೂಟಿಂಗ್ ಐತೇನು?”

“ಶೂಟಿಂಗ್ ಅಲ್ಲ ಕಾಕಾ, ಕೇಳಾಕ ಬಂದೇನಿ. ಫೋನಿನ್ಯಾಗ ಒಂದೀಟ ರೆಕಾರ್ಡ ಮಾಡ್ಕೋತೇನಿ.”

ಕೇಳಾಕ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ, ಫೋನು ಎಂದದ್ದು ಊರಿಗೆಲ್ಲ ಬಿತ್ತು. ಕಣ ಬಳಿದು ಸಾರಿಸುವಷ್ಟರಲ್ಲಿ ಅರ್ಧ ಊರು ನೆರೆಯಿತು. ಮೇಟಿಗೆ ಕಂಬವಿಲ್ಲದೆ ದ್ರಾಕ್ಷಿ ತೋಟದ ಕಲ್ಲುಕಂಬವೊಂದನ್ನು ಹುಗಿದರು. ರೇವಣಪ್ಪನ ಹೆಂಡತಿ ಇಂದ್ರಾಬಾಯಿ ಇಳಕಲ್ ಸೀರೆ ಉಟ್ಟು ಬಂದಳು. ರೇವಣಪ್ಪ ಎತ್ತಿನ ಕೋಡಿಗೆ ಎಣ್ಣೆ ಹಚ್ಚಿದ. ಅವನ ಮನೆಯಲ್ಲಿ ಸರದಾರ ಎಂಬ ಎತ್ತು ಇದೆ, ಕಬ್ಬಿನ ಗಾಡಿಗೆ ಹೂಡಿದರೆ ರಸ್ತೆಯೇ ಅದರದು. ಅಂಥದ್ದು ಫೋಟೋದಲ್ಲಿ ನಟ್ಟನಡುವೆ ಇರದಿದ್ದರೆ ಹೇಗೆ? ಸರದಾರನನ್ನು ಮೇಟಿಗೆ ಹತ್ತಿ ಕಟ್ಟಿದ. ಹಲ್ಲು ಸವೆದ ಮುದಿ ಎತ್ತನ್ನು ಯಾರಿಗೂ ಕಾಣದ ಹಾಗೆ ಹೊರತುದಿಗೆ ಕಟ್ಟಿದ. ನಡುವೆ ಇನ್ನೆರಡು.

“ಹೂಂ!” ಎಂದ.

ಸರದಾರ ಒಂದು ಹೆಜ್ಜೆ ಇಟ್ಟಿತು, ನಿಂತಿತು, ಬುಸುಗುಟ್ಟಿತು. ಅದಕ್ಕೆ ಓಡಲು ಜಾಗವೇ ಇಲ್ಲ, ಇದ್ದಲ್ಲೇ ಗಿರಕಿ. ಹೊರಗಿನ ಮುದಿ ಎತ್ತಿಗೆ ಇಡೀ ಕಣ ಸುತ್ತುವ ದಾರಿ. ಪಾಪ, ನಾಲಿಗೆ ಚಾಚಿತು. ಸಾಲು ಕುಡಗೋಲಿನ ಹಾಗೆ ಬಾಗಿತು. ಸರದಾರ ಸಿಟ್ಟಿಗೆದ್ದು ಎಳೆದದ್ದಕ್ಕೆ ಹಗ್ಗ ಫಟ್ಟೆಂದು ಹರಿಯಿತು. ನಾಲ್ಕೂ ಎತ್ತು ಸಕ್ಕರೆ ಕಾರ್ಖಾನೆಯ ದಾರಿ ಹಿಡಿದವು.

“ಹಿಡೀರೋ!” “ನಿನ್ನ ಸರದಾರ ಕಣದಾಗ ಕಬ್ಬಿನ ಗಾಡಿ ಹುಡಕಾಕತ್ತೈತಿ ರೇವಣ್ಣಾ!” “ರೀಲ್ಸ ಚೊಲೋ ಬಂತಲ್ಲ!” ಮಂದಿ ಬಿದ್ದು ಬಿದ್ದು ನಕ್ಕಿತು.

“ಮದವಿ ಗಂಡಿನ್ಹಂಗ ನಡುವ ನಿಂದ್ರಿಸಿದ್ರ ಇನ್ನೇನಾದೀತು!” ಎಂದು ಇಂದ್ರಾಬಾಯಿ ಸೆರಗು ಬಾಯಿಗಿಟ್ಟು ಗಂಡನನ್ನು ಹಂಗಿಸಿದಳು.

ಯುನೂಸ ಮಾತ್ರ ನಗಲಿಲ್ಲ. ಬಾಗಿದ ಆ ಸಾಲು ಅವನ ಕಣ್ಣಲ್ಲೇ ನಿಂತಿತ್ತು. ಓಡುವುದನ್ನು ಒಳಗೆ ಕಟ್ಟಿದ್ದಾರೆ, ನಿಲ್ಲುವುದನ್ನು ಹೊರಗೆ. ಇದು ಬರೀ ರೇವಣಪ್ಪನ ತಪ್ಪಲ್ಲ. “ಕಾಕಾ!” ಎಂದು ಚೀರಿದ. “ಬದಲ ಮಾಡ್ರಿ! ನಿಂದ್ರೂದು ಒಳಗ, ಓಡೂದು ಹೊರಗ!”

ಎತ್ತು ತಿರುಗಿಸಿ ತಂದು ಬದಲಿಸಿ ಕಟ್ಟಿದರು. ಮುದಿ ಎತ್ತು ಮೇಟಿಗೆ ಹತ್ತಿ ಪುಟ್ಟ ಹೆಜ್ಜೆಯಲ್ಲಿ ಹೊರಳಿತು. ಹೊರತುದಿಯಲ್ಲಿ ಸರದಾರ ಕೊರಳ ಗೆಜ್ಜೆ ಝಲ್ಲೆನ್ನಿಸುತ್ತ ದಾಪುಗಾಲು ಹಾಕಿತು. ಮುದಿ ಎತ್ತು ಒಂದು ಹೆಜ್ಜೆ ಇಡುವುದರಲ್ಲಿ ಸರದಾರನದು ನಾಲ್ಕು ಹೆಜ್ಜೆ. ಆದರೆ ಸುತ್ತು ಒಂದೇ! ಹೊರಟ ಜಾಗಕ್ಕೆ ನಾಲ್ಕೂ ಒಂದೇ ಸಲ ಬಂದು ಮುಟ್ಟಿದವು. ಇಂದ್ರಾಬಾಯಿ ಪದ ಎತ್ತಿದಳು, ನಕ್ಕವರೇ ಸೊಲ್ಲು ಹಿಡಿದರು. ಯುನೂಸ ಸರದಾರನ ಪಕ್ಕ ಹುಚ್ಚನ ಹಾಗೆ ಓಡಿದ, ಬರಿಗಾಲಿನಲ್ಲಿ, ತೊಡೆಗೆ ತಾಳ ಬಡಿಯುತ್ತ. ರೆಕಾರ್ಡಿನ ಗುಂಡಿ ಒತ್ತುವುದನ್ನು ಪೂರ್ತಿ ಮರೆತಿದ್ದ. ಅದರ ಅಗತ್ಯವೂ ಉಳಿದಿರಲಿಲ್ಲ.

ಅಲ್ಲಿಂದಲೇ ಫೋನು ಮಾಡಿದ. “ಪರಶ್ಯಾ! ನಾವು ಸರದಾರನ್ನ ಮೇಟಿಗೆ ಕಟ್ಟೇವಲೇ!”

“ಯಾವ ಸರದಾರ? ಹಗಲ ಹೊತ್ತಿನ್ಯಾಗ ಕುಡದಿ ಏನ?”

“ಗಿಟಾರ ಹೊರಗ ಹೋಗಬೇಕಲೇ! ಅಕ್ಕಾರ ಒಳಗ ನಿಂದ್ರಬೇಕು!”

ರಚನೆಯನ್ನು ಬುಡದಿಂದ ಬಿಚ್ಚಿ ಮತ್ತೆ ಕಟ್ಟಿದರು. ನಡುವೆ ಹನ್ನೆರಡು ಮಾತ್ರೆಯ ನಿಧಾನದ ತಾಳ, ಅದರ ಮೇಲೆ ದನಿ, ಮೇಟಿಯ ಪಕ್ಕದ ಎತ್ತಿನ ಹಾಗೆ. ಪರಶು ಕಾಲಿನಿಂದ ಒಳಸುತ್ತು ಹಿಡಿದ, ಕೈಗಳಿಂದ ಹೊರಸುತ್ತು. ಗಿಟಾರು ದೂರದಲ್ಲಿ, ತಗ್ಗಿದ ದನಿಯಲ್ಲಿ, ನಾಲ್ಕು ಪಟ್ಟು ಓಟದಲ್ಲಿ ಕಣ ಸುತ್ತುತ್ತ ಬಂದು ಸಮ್ಮಿಗೆ ಕೂಡಿತು. ಮೊದಲ ಸಲ ಕೂಡಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಪರಶು ಅಂಗಿ ಬಿಚ್ಚಲು ಹೋದ.

“ಏ, ಇದು ಖ್ಯಾಲ. ಅಂಗಿ ಇರ್ಲಿ,” ಎಂದರು ಅಕ್ಕ.

ಬಾಗೇವಾಡಿ ಬಳಗದ ಸಂಗೀತ ಸಂಜೆ ಹತ್ತಿರ ಬಂದಿತ್ತು. ಯುನೂಸ ಗುರಪ್ಪ ಮಾಸ್ತರ ಮನೆಗೆ ಹೋದ. ಅವನಿಗೆ ಬೇಕಾದದ್ದು ಒಂದೇ. ಕಾರ್ಡಿನಲ್ಲಿ, ವೇದಿಕೆಯ ಮೇಲೆ, ‘ರಚನೆ: ಯುನೂಸ ನದಾಫ’ ಎಂಬ ಮಾತು.

“ಭುವನೇಶ್ವರಿಬಾಯಾರು ಹಾಡ್ತಾರಂದ್ರ ಅಡ್ಡಿ ಇಲ್ಲ,” ಎಂದರು ಮಾಸ್ತರು. “ಗಿಟಾರ ಅಂದ್ರ ಫ್ಯೂಜನ್ ಅಂತ ಹಾಕೂಣು.”

“ಫ್ಯೂಜನ್ ಅಲ್ರಿ ಮಾಸ್ತರ. ಖ್ಯಾಲ.”

“ಗಿಟಾರ ಹಿಡದು ಖ್ಯಾಲ?”

“ನಿಮ್ಮ ಮುಂದಿರೂ ಪೇಟಿ ಯಾವ ಊರಿಂದ ಬಂತ್ರಿ? ಹಡಗದಾಗ ಬರಲಿಲ್ಲೇನ್ರಿ ಅದೂ?”

ಮಾಸ್ತರು ತಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನು ಒಮ್ಮೆ ನೋಡಿ ಕೆಮ್ಮಿದರು. “ಬಾಯಿ ಭಾಳ ಐತಿ ನಿನಗ. ನೋಡಪಾ, ರಚನಾ ಅಂದ್ರ ದೊಡ್ಡವರ ಮಾತು. ನಿಮ್ಮ ಮನೆತನದಾಗ ಈ ವಿದ್ಯಾ ಯಾರಿಗಿತ್ತು?”

ಅವರು ಈ ಮಾತು ಕೇಳಿದ್ದು ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡ ಉಸ್ತಾದರ ಫೋಟೋಗಳ ಕೆಳಗೆ ಕೂತು. ಗೋಡೆಯ ಮೇಲಿನ ಉಸ್ತಾದರಿಗೆ ಊದುಬತ್ತಿ, ಅದೇ ಗೋಡೆಗೆ ಒರಗಿ ನಿಂತ ಯುನೂಸನಿಗೆ ಜಾತಕದ ವಿಚಾರಣೆ! ಸತ್ತ ಮೇಲೆ ಪೂಜೆ ಮಾಡುವ ಉಮೇದಿನಲ್ಲಿ ನಾವು ಬದುಕಿದ್ದವರನ್ನು ಬಾಗಿಲಲ್ಲಿ ನಿಲ್ಲಿಸುವುದು ಎಷ್ಟು ಸಲೀಸು. ಮಾಸ್ತರು ಕೆಟ್ಟವರಲ್ಲ, ಸಂಗೀತಕ್ಕೆ ಪ್ರಾಣ ಬಿಡುವ ಮನುಷ್ಯ. ಅದೇ ಹೆಚ್ಚು ಉರಿಸುತ್ತದೆ.

ಕಾರ್ಡು ಅಚ್ಚಾಗಿ ಬಂತು: ‘ಗಾಯನ: ಶ್ರೀಮತಿ ಭುವನೇಶ್ವರಿ. ಗಿಟಾರ್ ಸಾಥ್: ಯುನೂಸ.’ ಅಷ್ಟೇ.

“ಬಿಡ್ರಿ ಅಕ್ಕಾರ, ನಾವು ಹೋಗೂದ ಬ್ಯಾಡ. ನಾನ ಮೈಕಿನ್ಯಾಗ ನನ್ನ ಹೆಸರ ಹೇಳ್ಕೊಳ್ಳಾಕ ಆಗೂದಿಲ್ಲ,” ಎಂದ ಯುನೂಸ.

“ಹೇಳ್ಕೋಬಾರ್ದು. ಅದು ರೀತಿ ಅಲ್ಲ,” ಎಂದರು ಅವರು. “ನೀ ಸಮ್ಮಿಗೆ ಬಾ. ಉಳದದ್ದ ಆಮ್ಯಾಲ.”

ಆ ಸಂಜೆ ಸಭಾಂಗಣದಲ್ಲಿ ಎರಡು ಊರು ಇದ್ದಂತಿತ್ತು. ಮುಂದೆ ಶಾಲು ಹೊದ್ದ ಹಿರಿಯರು. ಹಿಂದೆ, ತ್ರೀಫೇಸು ಹಾಡು ಕೇಳಲು ಸಿಂದಗಿಯಿಂದ ಬಸ್ಸು ಹತ್ತಿ ಬಂದ ಕಾಲೇಜು ಹುಡುಗರು. ರೇವಣಪ್ಪ, ಇಂದ್ರಾಬಾಯಿ, ಅಬಿದಾ ನಡುವಿನ ಸಾಲಿನಲ್ಲಿ. ಗಿಟಾರು ಕಂಡದ್ದೇ ಮುಂದಿನವರು ಹುಬ್ಬು ಗಂಟಿಕ್ಕಿದರು, ಹಿಂದಿನವರು ಸೀಟಿ ಹೊಡೆದರು. ಭುವನೇಶ್ವರಿ ಅಕ್ಕ ಕಣ್ಣು ಮುಚ್ಚಿ ಷಡ್ಜ ಹಚ್ಚಿದರು.

“ಸುತ್ತಿ ಸುತ್ತಿ ಬಂದೆ…”

ಎತ್ತರದ ಗಂಧಾರ. ನಿಂತರು. ತಗ್ಗಿನದಕ್ಕೆ ಜಾರಿದರು. ಸೀಟಿ ನಿಂತಿತು. ದೂರದಿಂದ ಗೆಜ್ಜೆಯ ಹಾಗೆ ಗಿಟಾರು ಶುರುವಾಯಿತು, ಪರಶುವಿನ ಕೈ ಓಡಿತು, ಕಾಲು ನಿಧಾನದ ಒಳಸುತ್ತಿನಲ್ಲೇ ನಿಂತಿತು. ಸುತ್ತು ತುಂಬುತ್ತ ಬಂತು, ತುಂಬುತ್ತ ಬಂತು, “ಮೇಟಿಯೇ” ಎನ್ನುವಲ್ಲಿ ದನಿ, ತಂತಿ, ಚರ್ಮ ಮೂರೂ ಒಂದೇ ಪೆಟ್ಟಿಗೆ ಬಂದು ಇಳಿದವು. ಮುಂದಿನ ಸಾಲಿನಲ್ಲಿ ಹತ್ತಾರು ಕೈ ಒಮ್ಮೆಲೇ ಮೇಲೆದ್ದವು. “ಆಹಾ! ಕ್ಯಾ ಬಾತ್!” ಎರಡನೆಯ ಸುತ್ತಿಗೆ ಹಿಂದಿನ ಹುಡುಗರಿಗೂ ಸಮ್ಮು ಸಿಕ್ಕಿತು. ಕುರ್ಚಿ ಎತ್ತುವ ಹುಡುಗರು ಅದೇ ಕುರ್ಚಿಯ ತುದಿಯಲ್ಲಿ ಕೂತು, ಉಸಿರು ಬಿಗಿಹಿಡಿದು, ಸಮ್ಮಿಗೆ ಕಾದರು! ಬಂದಾಗ ಇಡೀ ಸಭೆಯ ತೊಡೆಗಳು ಒಟ್ಟಿಗೆ ಸದ್ದು ಮಾಡಿದವು. ರೇವಣಪ್ಪ ಎದ್ದು ನಿಂತು, “ಹೊರಗಿನಾಂವ ನೋಡ್ರೋ, ಹೊರಗಿನಾಂವ! ಅಂವ ನಮ್ಮ ಸರದಾರ!” ಎಂದು ಕೂಗಿದ.

ಮುಗಿದಾಗ ಚಪ್ಪಾಳೆ ಎಷ್ಟು ಹೊತ್ತು ನಡೆಯಿತೋ. ಗುರಪ್ಪ ಮಾಸ್ತರು ಕಣ್ಣೊರೆಸಿಕೊಳ್ಳುತ್ತ ಮೈಕು ಹಿಡಿದರು. “ಎಂಥಾ ಚೀಜರೀ ಇದು! ಹಳೇದಂದ್ರ ಹಳೇದ. ನಮ್ಮ ಹಿರೇರು ಹಾಡೂದನ್ನ ನಾ ಸಣ್ಣಾವಿದ್ದಾಗ ಕೇಳಿದ ನೆನಪೈತಿ. ಇಂಥಾ ಪರಂಪರಾ ಉಳಸಬೇಕು!”

ಯುನೂಸನ ಎದೆ ಒಮ್ಮೆ ಹಾರಿತು, ಒಮ್ಮೆ ಉರಿಯಿತು. ತಾನು ಕಟ್ಟಿದ್ದನ್ನೇ ಒಬ್ಬ ರಸಿಕ ಬಾಲ್ಯದಲ್ಲಿ ಕೇಳಿದ್ದೆಂದು ಆಣೆ ಮಾಡುತ್ತಿದ್ದಾನೆ. ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ. ಇದಕ್ಕಿಂತ ದೊಡ್ಡ ಕಳವೂ ಇಲ್ಲ. ಬಾಯಿ ತೆರೆದ. ತನ್ನ ಹೆಸರು ತಾನೇ ಹೇಳಲು ನಾಲಿಗೆ ಹೊರಳಲಿಲ್ಲ.

ಭುವನೇಶ್ವರಿ ಅಕ್ಕ ಕೈ ಚಾಚಿ ಮಾಸ್ತರ ಕೈಯಿಂದ ಮೈಕು ತೆಗೆದುಕೊಂಡರು. “ಈ ಚೀಜು ಕಟ್ಟಿದವರು,” ಎಂದು ತಡೆದು, ಬಲಗೈ ಎತ್ತಿ ಕಿವಿ ಮುಟ್ಟಿಕೊಂಡರು. ಅಭ್ಯಾಸಬಲದಿಂದ ಯುನೂಸನ ಕೈ ಗಿಟಾರಿನ ಮೇಲೆಯೇ ಸೌಂಡಿನ ಗುಂಡಿ ಹುಡುಕಿತು. ಅರ್ಥವಾಗಿ ಅಲ್ಲೇ ನಿಂತಿತು. “ಸಿಂದಗಿಯ ಯುನೂಸ ನದಾಫ. ಇಲ್ಲೇ ಕುಂತಾರ.”

ಗುರುವೇ ಶಿಷ್ಯನ ಹೆಸರಿಗೆ ಕಿವಿ ಮುಟ್ಟಿದ್ದನ್ನು ಆ ಸಭೆ ಎಂದೂ ಕಂಡಿರಲಿಲ್ಲ. ಪರಶು ತಡೆಯಲಾರದೆ ಅಂಗಿ ಬಿಚ್ಚಿ ಗಾಳಿಯಲ್ಲಿ ಬೀಸಿದ. ಸಭಾಂಗಣ ಹಾರಿಬೀಳುವಂತೆ ಕೂಗಿತು. ಅಬಿದಾ ಪಕ್ಕದವರ ತೋಳು ಹಿಡಿದು, “ನನ್ನ ಮಗ್ರೀ, ಹಂತಿ ನೋಡಿರಲಿಲ್ಲ ಅಂವ!” ಎನ್ನುತ್ತಿದ್ದಳು. ಮಾಸ್ತರು ಪೆಚ್ಚಾಗಿ ಯುನೂಸನನ್ನೇ ನೋಡಿದರು. ನೋಡಿ ನೋಡಿ, ಕೊನೆಗೆ, “ಖರೇನೇನೋ ತಮ್ಮಾ? ಹಂಗಾರ ಇನ್ನೊಮ್ಮೆ ಆಗಲಿ. ಈ ಸಲ ನಾ ಹೊಸಾದಂತ ಕೇಳ್ತೇನಿ,” ಎಂದರು.

ಇನ್ನೊಮ್ಮೆ ಆಯಿತು. ಮೊದಲಿಗಿಂತ ಬಿರುಸಾಗಿ, ಮೊದಲಿಗಿಂತ ನಿಧಾನವಾಗಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಈಗ ಆ ಚೀಜು ತಾನಾಗಿ ನಡೆಯುತ್ತಿದೆ. ಇಂಡಿಯ ಪಾಠದ ಮನೆಯೊಂದರಲ್ಲಿ ಮಕ್ಕಳು ಪೇಟಿಯ ಮೇಲೆ ಅದನ್ನು ಕಲಿಯುತ್ತಿದ್ದಾರೆ, ‘ಹಳೆಯ ಸಾಂಪ್ರದಾಯಿಕ ರಚನೆ’ ಎಂದು. ಮುದ್ದೇಬಿಹಾಳದ ಮದುವೆಯೊಂದರಲ್ಲಿ ಅದನ್ನು ಹಾಡಿದವರು ‘ಯಾರದೋ ಶರಣರದು’ ಎಂದರಂತೆ. ಯುನೂಸ ಜಗಳಕ್ಕೆ ಹೋಗಿಲ್ಲ. ಅವನಿಗೆ ಪುರುಸೊತ್ತಿಲ್ಲ. ಸ್ಪೀಕರು ರಿಪೇರಿಯ ನಡುವೆ ಎರಡನೆಯದನ್ನು ಕಟ್ಟುತ್ತಿದ್ದಾನೆ, ಈ ಸಲ ರಾಗ ಮಾರವಾ, ಮತ್ತು ಸಾಮಾನು ಒಯ್ಯಲು ಬಂದವರಿಗೆಲ್ಲ ಅದರ ಮೊದಲ ಸಾಲು ಕೇಳಿಸಿಯೇ ಕಳಿಸುತ್ತಾನೆ.

ಅವನು ತನ್ನ ಹೆಸರಿಗೆ ತಾನೇ ಕಿವಿ ಮುಟ್ಟಿಕೊಳ್ಳಲಾರ. ಅದಕ್ಕೆ ಇನ್ನೊಬ್ಬರ ಕೈ ಬೇಕು. ಆ ಕೈ ನಿಮ್ಮದು. ನಾಳೆ ಎಲ್ಲಿಯಾದರೂ ಆ ಮೇಟಿಯ ಹಾಡು ಕೇಳಿ, ಪಕ್ಕದವರು “ಹಳೇ ಚೀಜು” ಎಂದರೆ, ತಲೆಯಾಡಿಸುತ್ತ ಸುಮ್ಮನೆ ಕೂರಬೇಡಿ. ಎದ್ದು ನಿಲ್ಲಿ, ಕಿವಿ ಮುಟ್ಟಿಕೊಳ್ಳಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ: ಇದನ್ನು ಕಟ್ಟಿದವನು ಸಿಂದಗಿಯ ಯುನೂಸ ನದಾಫ.